ಖಿನ್ನತೆಯನ್ನು ಅಳೆಯುವ ಕೆಲಸ



ಖಿನ್ನತೆಯ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ, ಲಕ್ಷಣ, ಕಾರಣ, ಪರಿಹಾರ ಎಂಬ ವಾಡಿಕೆಯ ಜಾಡು ಬೇಡ ಎಂದುಕೊಂಡೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ವಾಟ್ಸ್‌ಆ್ಯಪ್ ಅಂತೂ ದಿನಾ ಬೆಳಿಗ್ಗೆ ಹೇಳುತ್ತದೆ. ಇವತ್ತಿನ ನನ್ನ ಪ್ರಶ್ನೆ ಬೇರೆ. ಈ ಗುಳಿಗೆಯಿಂದ ನೂರಕ್ಕೆ ಇಷ್ಟು ಮಂದಿಗೆ ಗುಣ ಕಂಡಿತು ಎಂದು ವೈದ್ಯರು ಹೇಳುತ್ತಾರಲ್ಲ, ಅದು ಅವರಿಗೆ ಗೊತ್ತಾದದ್ದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಖಿನ್ನತೆಯನ್ನು ಖಚಿತವಾಗಿ ತೋರಿಸುವ ಅಂಥ ಪರೀಕ್ಷೆ ಇವತ್ತಿಗೂ ಇಲ್ಲ. ರೋಗಿ ಹೇಳಿದ್ದು, ವೈದ್ಯರು ಕೇಳಿದ್ದು, ಕಣ್ಣಿಗೆ ಕಂಡದ್ದು, ಇಷ್ಟೇ ಆಧಾರ. ಇಷ್ಟರ ಮೇಲೆ ಎಪ್ಪತ್ತು ವರ್ಷಗಳಿಂದ ಒಂದು ದೊಡ್ಡ ಸಂಶೋಧನೆಯ ಕಟ್ಟಡ ಎದ್ದು ನಿಂತಿದೆ. ಅದರ ಪಾಯವನ್ನು ಸ್ವಲ್ಪ ನೋಡೋಣ.

ಶುರುವಾದದ್ದು ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಹೊಸ ಮದ್ದು ಕೊಟ್ಟರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡತೊಡಗಿದರು, ಊಟ ಕೇಳಿದರು, ವಾರ್ಡಿನಲ್ಲಿ ಕುಣಿದರು ಎಂಬ ವರದಿಗಳು ಪತ್ರಿಕೆಗಳಲ್ಲಿ ಫೋಟೊ ಸಮೇತ ಬಂದವು. ಇನ್ನೊಂದು ಕಥೆ ಸ್ವಿಟ್ಜರ್ಲೆಂಡಿನದು. ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕುನ್ ಎಂಬ ವೈದ್ಯ ಗೈಗಿ ಕಂಪನಿ ಕಳಿಸಿದ ಒಂದು ರಾಸಾಯನಿಕವನ್ನು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟು ನೋಡಿದ, ಉಪಯೋಗವಾಗಲಿಲ್ಲ. ಆಮೇಲೆ ಅದನ್ನೇ ಖಿನ್ನತೆಯವರಿಗೆ ಕೊಟ್ಟ. ಕೆಲವರು ಚೇತರಿಸಿಕೊಂಡರು. ಇಮಿಪ್ರಮಿನ್ ಬಂದದ್ದು ಹೀಗೆ. 1957ರಲ್ಲಿ ಜ್ಯೂರಿಕ್ ಸಮ್ಮೇಳನದಲ್ಲಿ ಕುನ್ ಇದನ್ನು ಹೇಳಿದಾಗ ಕೇಳಲು ಇದ್ದವರು ಹನ್ನೆರಡು ಜನರೋ ಏನೋ. ಅವನ ಹತ್ತಿರ ಅಂಕಪಟ್ಟಿಯೂ ಇರಲಿಲ್ಲ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ರೋಗಿಗಳ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿದ್ದ, ಅಷ್ಟೆ. ಅವನ ಕಣ್ಣು ಸೂಕ್ಷ್ಮವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ಆಸ್ಪತ್ರೆಯಲ್ಲಿ ಕುನ್ ದಶಕಗಳ ಕಾಲ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಾರ್ಥ ಮದ್ದುಗಳನ್ನು ಬಳಸಿದ, ಎಷ್ಟೋ ಜನರಿಗೆ ಅದು ತಿಳಿದೇ ಇರಲಿಲ್ಲ ಎಂದು 2019ರಲ್ಲಿ ಹೊರಬಂದ ಇತಿಹಾಸಕಾರರ ತನಿಖೆ ತೋರಿಸಿತು. ಇಮಿಪ್ರಮಿನ್‌ನಿಂದ ಬದುಕಿಕೊಂಡವರನ್ನು ಎಣಿಸುವಾಗ ಈ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಬೇಕು.

ಈ ಕಥೆಯಲ್ಲಿ ನಮ್ಮ ನೆಲದ ಒಂದು ಗಿಡವೂ ಇದೆ, ಸರ್ಪಗಂಧ. ಅದರ ಬೇರನ್ನು ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಕೊಡಬಹುದು ಎಂದು 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದಿದ್ದರು. ಬೊಂಬಾಯಿಯ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ರಕ್ತದೊತ್ತಡದ ಬಗ್ಗೆ ಬರೆದ ಮೇಲೆ ಜಗತ್ತು ಕಣ್ಣು ಬಿಟ್ಟಿತು. 1952ರಲ್ಲಿ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಬಿಪಿಗೆ ಅದನ್ನು ತೆಗೆದುಕೊಂಡ ಕೆಲವರು ಖಿನ್ನರಾದರು ಎಂಬ ವರದಿಗಳು ಬಂದವು. ರೆಸರ್ಪಿನ್ ಮಿದುಳಿನ ಸೆರೊಟೋನಿನ್ ಮೊದಲಾದ ದ್ರವ್ಯಗಳನ್ನು ಬರಿದು ಮಾಡುತ್ತದೆ ಎಂಬುದೂ ತಿಳಿಯಿತು. ಎರಡನ್ನೂ ಕೂಡಿಸಿದರೆ ಸಿದ್ಧಾಂತ ತಯಾರು: ಆ ದ್ರವ್ಯಗಳು ಕಡಿಮೆಯಾದರೆ ಖಿನ್ನತೆ ಬರುತ್ತದೆ. ಇಲ್ಲಿ ಒಂದು ತಮಾಷೆ ಇದೆ. 1955ರಲ್ಲಿ ಲಂಡನ್ನಿನಲ್ಲಿ ಡೇವಿಸ್ ಮತ್ತು ಮೈಕೆಲ್ ಶೆಪರ್ಡ್ ಎಂಬ ಇಬ್ಬರು ಆತಂಕ ಮತ್ತು ಖಿನ್ನತೆ ಇದ್ದ ರೋಗಿಗಳಿಗೆ ರೆಸರ್ಪಿನ್ನನ್ನೂ ಡಮ್ಮಿ ಗುಳಿಗೆಯನ್ನೂ ಕೊಟ್ಟು ಕ್ರಮಬದ್ಧವಾಗಿ ಹೋಲಿಸಿದ್ದರು. ರೆಸರ್ಪಿನ್ ಪಡೆದವರೇ ಹೆಚ್ಚು ಸುಧಾರಿಸಿದ್ದರು! ಸಿದ್ಧಾಂತಕ್ಕೆ ನೇರ ವಿರುದ್ಧವಾದ ಫಲಿತಾಂಶ. ಲ್ಯಾನ್ಸೆಟ್‌ನಂಥ ಪತ್ರಿಕೆಯಲ್ಲೇ ಅಚ್ಚಾಗಿತ್ತು, ಆದರೂ ಯಾರೂ ಗಮನ ಕೊಡಲಿಲ್ಲ. ಬಿಡಿಬಿಡಿ ರೋಗಿಗಳ ಕಥೆ ಗೆದ್ದಿತು, ಟ್ರಯಲ್ ಸೋತಿತು. ಸೆರೊಟೋನಿನ್ ಕಮ್ಮಿಯಾಗಿದೆ ಎಂದು ರೋಗಿಗೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸುವ ರೂಢಿ ಇನ್ನೂ ಇದೆ. 2022ರಲ್ಲಿ ಜೊವಾನಾ ಮಾನ್‌ಕ್ರೀಫ್ ಮತ್ತು ಜೊತೆಗಾರರು ಲಭ್ಯ ಸಾಕ್ಷ್ಯಗಳನ್ನೆಲ್ಲ ಜಾಲಾಡಿ, ಆ ಮಾತಿಗೆ ಗಟ್ಟಿ ಆಧಾರ ಸಿಗುವುದಿಲ್ಲ ಎಂದರು. ಹಾಗೆಂದು ಗುಳಿಗೆ ಕೆಲಸ ಮಾಡುವುದಿಲ್ಲ ಎಂದಾಗಲಿಲ್ಲ. ಹೇಗೆ ಕೆಲಸ ಮಾಡುತ್ತದೆ ಎಂಬುದು ಒಂದು ಪ್ರಶ್ನೆ, ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಎರಡನೆಯದಕ್ಕೆ ಉತ್ತರ ಹುಡುಕಲು ಅಳತೆಗೋಲು ಬೇಕಿತ್ತು. 1960ರಲ್ಲಿ ಲೀಡ್ಸ್‌ನ ಮ್ಯಾಕ್ಸ್ ಹ್ಯಾಮಿಲ್ಟನ್ ಅದನ್ನು ಕೊಟ್ಟರು. ಹದಿನೇಳು ಅಂಶ, ಒಟ್ಟು 52 ಅಂಕ. ರೋಗಿಯೊಡನೆ ಅರ್ಧ ಗಂಟೆ ಮಾತಾಡಿ ವೈದ್ಯರೇ ಅಂಕ ಹಾಕಬೇಕು. ಖಿನ್ನತೆ ಎಂದು ಈಗಾಗಲೇ ಗೊತ್ತಾದವರಲ್ಲಿ ತೀವ್ರತೆ ನೋಡುವುದಕ್ಕೆ ಮಾತ್ರ ಇದು ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ವಿದ್ಯಾರ್ಥಿಗಳು ಆ ಹಾಳೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ಓದಬೇಕು. ನಿದ್ರೆಗೇ ಮೂರು ಅಂಶ: ಮಲಗಿದಾಗ ನಿದ್ರೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು, ನಸುಕಿಗೇ ಎದ್ದು ಕೂರುವುದು. ಒಂದೊಂದಕ್ಕೆ ಎರಡರಂತೆ ಆರು ಅಂಕ. ಈಗ ಇದನ್ನು ನೋಡಿ. 2008ರಲ್ಲಿ ಅರ್ವಿಂಗ್ ಕರ್ಷ್ 35 ಟ್ರಯಲ್‌ಗಳನ್ನು ಒಟ್ಟುಗೂಡಿಸಿದಾಗ ಗುಳಿಗೆಗೂ ಡಮ್ಮಿ ಗುಳಿಗೆಗೂ ಸಿಕ್ಕ ಸರಾಸರಿ ಅಂತರ ಈ ಮಾಪನದಲ್ಲಿ 1.8 ಅಂಕ. ಅಂದರೆ ನಿದ್ದೆ ಬರಿಸುವ ಮದ್ದೊಂದು, ಮನಸ್ಸಿನ ದುಃಖವನ್ನು ಮುಟ್ಟದೆಯೇ ಆ ಅಂತರವನ್ನು ದಾಟಿಬಿಡಬಹುದು.

ಕೊನೆಯ ಅಂಶ ಇನ್ನೂ ಸ್ವಾರಸ್ಯದ್ದು. ರೋಗಿಗೆ ತನ್ನ ಕಾಯಿಲೆಯ ಅರಿವಿದೆಯೇ ಎಂದು ಅದು ಕೇಳುತ್ತದೆ. ನನಗೆ ಖಿನ್ನತೆ ಇದೆ ಎಂದು ಒಪ್ಪಿಕೊಂಡರೆ ಸೊನ್ನೆ. ಕಾಯಿಲೆ ಇರುವುದು ನಿಜ, ಆದರೆ ಊಟ ಸರಿ ಇಲ್ಲ, ಹವಾ ಸರಿ ಇಲ್ಲ, ಕೆಲಸ ಜಾಸ್ತಿಯಾಗಿದೆ ಎಂದರೆ ಒಂದು ಅಂಕ. ಕಾಯಿಲೆಯೇ ಇಲ್ಲ ಎಂದರೆ ಎರಡು. ನಮ್ಮ ಯಾವುದೇ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಸೋಮವಾರ ಬೆಳಿಗ್ಗೆ ಹೋಗಿ ನಿಲ್ಲಿ. "ಸುಸ್ತು ಡಾಕ್ಟ್ರೇ, ಕೈಕಾಲು ಸೆಳೆತ, ತಲೆಭಾರ, ಎದೆ ಡವಡವ ಅಂತದೆ, ಉಷ್ಣ ಆಗಿರಬೇಕು, ಒಂದು ಗ್ಲೂಕೋಸ್ ಹಾಕಿಬಿಡಿ" ಎನ್ನುವ ಹೆಂಗಸಿಗೆ ಆ ಹಾಳೆಯ ಪ್ರಕಾರ ಕಾಯಿಲೆಯ ಅರಿವು ಕಡಿಮೆ! ಅವರಿಗೆ ಅರಿವಿನ ಕೊರತೆ ಏನೂ ಇಲ್ಲ. ಮನೆಯಲ್ಲಿ, ಓಣಿಯಲ್ಲಿ ಏನು ಹೇಳಬಹುದು, ಏನು ಹೇಳಬಾರದು ಎಂಬುದು ಚೆನ್ನಾಗಿ ಗೊತ್ತಿದೆ.

ಇದು ನನ್ನ ಊಹೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಚನ್ನಬಸವಣ್ಣ ಮೊದಲಾದವರು 80 ರೋಗಿಗಳನ್ನು ಕೂಲಂಕಷವಾಗಿ ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಅಳುಕೂ ಹೆಚ್ಚಿತ್ತು. ಮೈನೋವಿನ ಲಕ್ಷಣ ಹೆಚ್ಚಿದ್ದವರಲ್ಲಿ ಅದು ಕಡಿಮೆ. ಮೈನೋವು ಯಾರಿಗಾದರೂ ಬರಬಹುದು, ಹೇಳಿಕೊಂಡರೆ ತಪ್ಪಿಲ್ಲ. ಮನಸ್ಸು ಕೆಟ್ಟಿದೆ ಎಂದರೆ ಮಗಳ ಮದುವೆಗೆ ಅಡ್ಡಿ. ಅದಕ್ಕೂ ಮೊದಲು ಆರ್. ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್ ಕುಂದಾಪುರದ ಕಡೆಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗೇರ ಮನೆಗಳಲ್ಲಿ ಸಮೀಕ್ಷೆ ನಡೆಸಿ 1976ರಲ್ಲಿ ಪುಸ್ತಕ ಹೊರತಂದಿದ್ದರು. ಅದಕ್ಕೆ ಅವರು ಹೊರಗಿನ ಪ್ರಶ್ನಾವಳಿಯನ್ನು ಹಾಗೇ ತಂದು ಹೇರಲಿಲ್ಲ, ಇಲ್ಲಿಗೆಂದೇ ಒಂದನ್ನು ರೂಪಿಸಿಕೊಂಡರು. ಅಂಥ ತಾಳ್ಮೆಯ ಕೆಲಸ ಈಗ ಅಪರೂಪ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಹಾಳೆಯನ್ನು ಕೈಗಿಟ್ಟು, ಒಟ್ಟು ಹತ್ತು ಮುಟ್ಟಿತೇ ಎಂದು ನೋಡುವುದು ಸುಲಭ.

ಅಳತೆಯ ತೊಡಕು ಒಂದಾದರೆ, ಅಳೆದದ್ದನ್ನು ಮುಚ್ಚಿಡುವುದು ಇನ್ನೊಂದು. ಎರಿಕ್ ಟರ್ನರ್ ಮತ್ತು ಸಂಗಡಿಗರು 2008ರಲ್ಲಿ ಅಮೆರಿಕದ ಔಷಧ ಇಲಾಖೆಯ ಕಡತಗಳನ್ನೂ ಪ್ರಕಟವಾದ ಲೇಖನಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಒಟ್ಟು 74 ಟ್ರಯಲ್. ಇಲಾಖೆಯ ಕಣ್ಣಿನಲ್ಲಿ 38 ಗೆದ್ದಿದ್ದವು. ಅವುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಅಚ್ಚಾದವು. ಗೆಲ್ಲದ ಅಥವಾ ಅನುಮಾನಕ್ಕೆಡೆಯಾದ 36ರಲ್ಲಿ 22 ಅಚ್ಚಾಗಲೇ ಇಲ್ಲ, 11 ಗೆದ್ದವು ಎನ್ನುವ ಹಾಗೆ ಅಚ್ಚಾದವು. ಸೋತದ್ದನ್ನು ಸೋತಿತು ಎಂದೇ ಬರೆದದ್ದು ಮೂರು. ಹೀಗಿರುವಾಗ ಲೇಖನಗಳನ್ನು ಮಾತ್ರ ಓದಿ ಚೀಟಿ ಬರೆಯುತ್ತಿದ್ದ ವೈದ್ಯರನ್ನು ದೂರುವುದು ಹೇಗೆ? ಭಾರತದಲ್ಲಿ 2009ರ ಜೂನ್‌ನಿಂದ ಟ್ರಯಲ್ ಶುರುವಾಗುವ ಮೊದಲೇ ಸರ್ಕಾರಿ ನೋಂದಣಿ ಕಡ್ಡಾಯವಾಗಿದೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಯಾವ ಹೊಸ ಗುಳಿಗೆಗಿಂತಲೂ ದೊಡ್ಡ ಸುಧಾರಣೆ ಇದು.

ಆಮೇಲೆ 2018ರಲ್ಲಿ ಆಂದ್ರೆಯಾ ಚಿಪ್ರಿಯಾನಿ ಮತ್ತು ತಂಡ, ಅಪ್ರಕಟಿತ ಮಾಹಿತಿಯನ್ನೂ ಸೇರಿಸಿ 522 ಟ್ರಯಲ್, 1,16,477 ರೋಗಿಗಳ ಲೆಕ್ಕ ಹಾಕಿತು. ಪರೀಕ್ಷಿಸಿದ 21 ಔಷಧಗಳೂ ಡಮ್ಮಿಗಿಂತ ಮೇಲು ಎಂದು ಬಂತು. ಅಂತರ ದೊಡ್ಡದಲ್ಲ, ಸುಳ್ಳೂ ಅಲ್ಲ. ಹಾಗಾಗಿ ಗುಳಿಗೆ ನುಂಗುತ್ತಿರುವವರು ಈ ಉಪನ್ಯಾಸ ಕೇಳಿ ನಾಳೆಯೇ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ರೆಗೇಡು ಶುರುವಾಗಬಹುದು.

ಯೋಗದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ನಿಮ್ಹಾನ್ಸ್‌ನ ಜಾನಕಿರಾಮಯ್ಯ, ಗಂಗಾಧರ್ ಮತ್ತಿತರರು ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗಾಭ್ಯಾಸವನ್ನು ಕರೆಂಟ್ ಚಿಕಿತ್ಸೆ ಮತ್ತು ಇಮಿಪ್ರಮಿನ್ ಜೊತೆ ಹೋಲಿಸಿ 2000ದಲ್ಲಿ ಬರೆದರು. ನಾಲ್ಕು ವಾರದ ಕೊನೆಗೆ ಕರೆಂಟ್ ಚಿಕಿತ್ಸೆಯಲ್ಲಿ 93, ಇಮಿಪ್ರಮಿನ್‌ನಲ್ಲಿ 73, ಕ್ರಿಯೆಯಲ್ಲಿ 67 ಪ್ರತಿಶತ ಜನರಿಗೆ ಗುಣವಾಗಿತ್ತು. ಭರವಸೆಯ ಅಂಕಿಗಳೇ. ಆದರೆ ಗುಂಪಿಗೆ ಹದಿನೈದೇ ಜನ ಎಂಬುದನ್ನು ಭಾಷಣಕಾರರು ಹೇಳುವುದಿಲ್ಲ.

ಇನ್ನು ಹೃದಯಕ್ಕೂ ಖಿನ್ನತೆಗೂ ಇರುವ ನಂಟು. ಐಸಿಯುನಲ್ಲಿ ಇಸಿಜಿಯ ಎಸ್‌ಟಿ ಗೆರೆ ಒಂದು ಮಿಲಿಮೀಟರ್ ಕೆಳಗಿಳಿದರೂ ಅದನ್ನು ಎಸ್‌ಟಿ ಡಿಪ್ರೆಶನ್ ಎಂದು ಬರೆದಿಟ್ಟು ಹಿರಿಯ ವೈದ್ಯರಿಗೆ ಫೋನು ಹೋಗುತ್ತದೆ. ಅದೇ ಹಾಸಿಗೆಯಲ್ಲಿ ಮಲಗಿದವರ ಮನಸ್ಸು ಕುಸಿದಿದೆಯೇ ಎಂದು ಬರೆಯಲು ಕೇಸ್‌ಶೀಟಿನಲ್ಲಿ ಎಷ್ಟೋ ಕಡೆ ಜಾಗವೇ ಇರುವುದಿಲ್ಲ. ಮಾಂಟ್ರಿಯಲ್‌ನ ನ್ಯಾನ್ಸಿ ಫ್ರೇಸರ್-ಸ್ಮಿತ್ ಮತ್ತು ಜೊತೆಗಾರರು ಹೃದಯಾಘಾತವಾದ 222 ಮಂದಿಯನ್ನು ಗಮನಿಸಿ, ಖಿನ್ನತೆ ಇದ್ದವರಲ್ಲಿ ಆರು ತಿಂಗಳೊಳಗಿನ ಸಾವು ಹೆಚ್ಚೆಂದು 1993ರಲ್ಲಿ ತೋರಿಸಿದರು. ಹಾಗಿದ್ದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಸಾವು ತಪ್ಪಬೇಕಲ್ಲ? ಅಮೆರಿಕದಲ್ಲಿ 2,481 ರೋಗಿಗಳ ದೊಡ್ಡ ಟ್ರಯಲ್ ನಡೆಯಿತು. 2003ರ ಫಲಿತಾಂಶ: ಖಿನ್ನತೆ ತಕ್ಕಮಟ್ಟಿಗೆ ಇಳಿಯಿತು, ಸಾವು ಇಳಿಯಲಿಲ್ಲ. ನಿರಾಸೆಯ ಫಲಿತಾಂಶ ಎಂದು ಆಗ ಬಹಳ ಜನ ಬರೆದರು. ನನಗೆ ಹಾಗನ್ನಿಸುವುದಿಲ್ಲ. ಆಯುಸ್ಸು ಹೆಚ್ಚದಿದ್ದರೂ ಇರುವಷ್ಟು ದಿನ ಊಟ ರುಚಿಸಿದರೆ, ಮೊಮ್ಮಕ್ಕಳ ಗಲಾಟೆ ಹಿತವೆನ್ನಿಸಿದರೆ ಅದು ಚಿಕಿತ್ಸೆಯಲ್ಲವೇ?

ನನಗೆ ಹೆಚ್ಚು ಹಿಡಿಸಿದ ಸಂಶೋಧನೆ ಔಷಧ ಕಂಪನಿಗಳದ್ದಲ್ಲ, ನಮ್ಮ ನೆರೆಯ ಗೋವಾದ್ದು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರ 2017ರ ಟ್ರಯಲ್‌ನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 495 ಮಂದಿ ಇದ್ದರು, ಎಲ್ಲರದ್ದೂ ಸಾಕಷ್ಟು ತೀವ್ರವಾದ ಖಿನ್ನತೆ. ಕೌನ್ಸೆಲರ್‌ಗಳು ವೈದ್ಯರಲ್ಲ, ನರ್ಸ್‌ಗಳೂ ಅಲ್ಲ. ಊರಿನವರೇ, ಕೆಲವು ವಾರ ತರಬೇತಿ ಪಡೆದವರು. ಆರೆಂಟು ಸಲ ಭೇಟಿ. ಅವರು ಮಾಡಿಸಿದ್ದು ಸರಳ ಕೆಲಸ: ಬಿಟ್ಟುಬಿಟ್ಟ ದಿನಚರಿಯನ್ನು ಒಂದೊಂದಾಗಿ ಮತ್ತೆ ಹಿಡಿಯುವುದು. ಸಂತೆಗೆ ಹೋಗುವುದು, ಗೆಳತಿಯ ಮನೆಗೆ ಹೋಗಿ ಕೂರುವುದು, ಮನೆಯ ಜಗಳದಲ್ಲಿ ಯಾವುದನ್ನು ಮೊದಲು ಬಿಡಿಸಬಹುದು ಎಂದು ಯೋಚಿಸುವುದು. ಮೂರು ತಿಂಗಳಲ್ಲಿ ಅವರ ಗುಂಪಿನ 64 ಪ್ರತಿಶತ ಮಂದಿ ಗುಣವಾದರು, ಈ ಭೇಟಿಗಳಿಲ್ಲದ ಇನ್ನೊಂದು ಗುಂಪಿನಲ್ಲಿ 39. ಗುಳಿಗೆಗಳ ಟ್ರಯಲ್‌ನಲ್ಲಿ ಇಂಥ ಅಂತರ ಸಿಕ್ಕಿದ್ದರೆ ಮುಖಪುಟದ ಜಾಹೀರಾತು ಬರುತ್ತಿತ್ತು.

ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆಯೂ ಇರುವ 404 ಮಂದಿಯ ಟ್ರಯಲ್ ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ನಮ್ಮ ಬೆಂಗಳೂರಿನಲ್ಲಿ ನಡೆಯಿತು, 2020ರಲ್ಲಿ ಪ್ರಕಟವಾಯಿತು. ಒಬ್ಬ ಕೇರ್ ಕೋಆರ್ಡಿನೇಟರ್ ಫೋನಿನಲ್ಲಿ ವಿಚಾರಿಸುತ್ತಾ, ವೈದ್ಯರಿಗೆ ನೆನಪಿಸುತ್ತಾ ಇದ್ದರೆ ಎರಡು ವರ್ಷದ ಕೊನೆಗೆ ಖಿನ್ನತೆ, ಸಕ್ಕರೆ, ಬಿಪಿ, ಕೊಬ್ಬುಗಳ ಒಟ್ಟು ಗುರಿ ಮುಟ್ಟಿದವರು 71.6 ಪ್ರತಿಶತ, ಎಂದಿನ ಆರೈಕೆಯಲ್ಲಿ 57.4. ಸೇಂಟ್ ಜಾನ್ಸ್ ಸಂಸ್ಥೆಯ ಕೃಷ್ಣಮಾಚಾರಿ ಶ್ರೀನಿವಾಸನ್ ಅವರ ತಂಡ ಇದೇ ದಿಕ್ಕಿನ ಕೆಲಸವನ್ನು ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾಡಿದೆ.

ಆದರೂ ಎಣಿಕೆಯಿಂದ ಹೊರಗುಳಿದವರೇ ಹೆಚ್ಚು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ನಡೆಸಿತು. ಖಿನ್ನತೆಯಿಂದ ಬಳಲುವವರಲ್ಲಿ ಸುಮಾರು 85 ಪ್ರತಿಶತ ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಸಿದ್ಧತೆಯ ಸಮೀಕ್ಷೆ ಮಾತ್ರ ಕೋಲಾರದಲ್ಲಿ ನಡೆದಿತ್ತು.

ಹಾಗಾಗಿ ಇಲ್ಲಿ ಕೂತಿರುವ ಎಳೆಯ ವೈದ್ಯರಲ್ಲಿ ನನ್ನ ಕೋರಿಕೆ ಚಿಕ್ಕದು. ನಾಳೆ ಪಿಎಚ್‌ಸಿಯಲ್ಲಿ ಬಿಪಿ, ಶುಗರ್ ನೋಡಿದ ಮೇಲೆ ಎರಡೇ ಪ್ರಶ್ನೆ ಕೇಳಿ: ಎರಡು ವಾರದಿಂದ ಬೇಜಾರು ಹೆಚ್ಚಾಗಿದೆಯಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಮನಸ್ಸು ಹೋಗುತ್ತಿಲ್ಲವಾ? ಹೌದು ಎಂದರೆ, ಬದುಕೇ ಬೇಡ ಅನ್ನಿಸುತ್ತಿದೆಯಾ ಎಂದು ಕೇಳಲು ಹಿಂಜರಿಯಬೇಡಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಜೊತೆಗೆ ಥೈರಾಯ್ಡ್, ರಕ್ತಹೀನತೆ ನೋಡಲು ಮರೆಯಬೇಡಿ. ಸಭಿಕರಲ್ಲಿ ಯಾರನ್ನಾದರೂ ಟ್ರಯಲ್‌ಗೆ ಕರೆದರೆ ಹೆದರಬೇಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೊಡಿ ಎನ್ನಿ, ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ, ಬೇಡವೆನಿಸಿದ ದಿನ ಹೊರಬರುವ ಹಕ್ಕು ನಿಮಗಿದೆ. ಮನೆಯಲ್ಲಿ ಯಾರಿಗಾದರೂ ಈಗಲೇ ಸಹಾಯ ಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು.