ಬಿಸಿಗಾಳಿಯ ಕೊಳವೆ ಎಷ್ಟು ಬಿಸಿಯಿರಬೇಕು?

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನ ಸೆಕೆಯಲ್ಲಿ ಕುಳಿತು ಮನೆ ಬಿಸಿಮಾಡುವ ಮಾತೇಕೆಂದು ತಾವು ನಗಬಹುದು. ಕಾರಣವಿದೆ. ನಮ್ಮ ಸದಸ್ಯರೊಬ್ಬರ ಮಗಳು ಕೆನಡಾದ ಟೊರಾಂಟೋದಲ್ಲಿ ಓದುತ್ತಿದ್ದಾಳೆ. ಕಳೆದ ಚಳಿಗಾಲದಲ್ಲಿ ಬಾಡಿಗೆ ಮನೆಯ ನೆಲಮಾಳಿಗೆಗೆ ಬಟ್ಟೆ ಒಗೆಯಲು ಇಳಿದವಳು ಅಲ್ಲಿನ ತಗಡಿನ ಕೊಳವೆಯನ್ನು ಮುಟ್ಟಿದಳು. ಬೆರಳು ಚುರುಕ್ಕೆಂದಿತು. ಬೆಂಕಿ ಹತ್ತೀತೆಂದು ಹೆದರಿ, ಮೇಲಿನ ಕೋಣೆಗಳ ನೆಲದಲ್ಲಿ ಗಾಳಿ ಬರುವ ಜಾಲರಿಗಳ ಮೇಲೆ ಪೆಟ್ಟಿಗೆ, ಕಂಬಳಿ ಹೇರಿದಳು. ಅಂದು ರಾತ್ರಿಯೆಲ್ಲ ಯಂತ್ರ ನಿಂತು ನಿಂತು ಹೊತ್ತಿತಂತೆ. ಹುಡುಗಿ ಚಳಿಯಲ್ಲಿ ನಡುಗಿದಳು. ಇಲ್ಲಿ ತಂದೆಗೆ ನಿದ್ದೆಯಿಲ್ಲ.

ನಾವು ಇಂಜಿನಿಯರರಲ್ಲ, ಗಿರಣಿಯ ಗುಮಾಸ್ತರು. ಬಲ್ಲವರನ್ನು ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇವೆ.

ಅಲ್ಲಿ ಬಹಳ ಮನೆಗಳಲ್ಲಿ ಫರ್ನೇಸ್ ಎಂಬ ಗ್ಯಾಸಿನ ದೊಡ್ಡ ಒಲೆಯಿರುತ್ತದೆ. ಮನೆಯ ಗಾಳಿ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರೊಳಗೆ ಹೋಗುತ್ತದೆ. ಬೆಂಕಿಯನ್ನು ತಾಕದೆ, ಕಾದ ಲೋಹವನ್ನಷ್ಟೇ ಸವರಿಕೊಂಡು, ಸಾಮಾನ್ಯವಾಗಿ 50ರಿಂದ 60 ಡಿಗ್ರಿಯಾಗಿ ಕೊಳವೆಗೆ ಬರುತ್ತದೆ. ಬಿಸಿ ಎಷ್ಟು ಏರಬಹುದೆಂಬುದು ಯಂತ್ರದ ಫಲಕದ ಮೇಲೆಯೇ ಅಚ್ಚಾಗಿರುತ್ತದೆ. ಕಾಗದ ಹೊತ್ತಲು 200 ಡಿಗ್ರಿ ದಾಟಬೇಕು. ಹಾಗಾಗಿ ಬೆರಳು ಚುರುಕ್ಕೆಂದರೆ ಅಂಜಬೇಕಿಲ್ಲ. ಹೀಟ್ ಪಂಪ್ ಇರುವ ಮನೆಗಳಲ್ಲಿ ಗಾಳಿ 30ರಿಂದ 38 ಡಿಗ್ರಿಯಷ್ಟೇ. ಉಗುರುಬೆಚ್ಚಗಿದ್ದರೆ ಯಂತ್ರ ಕೆಟ್ಟಿತೆಂದು ತಿಳಿಯಬಾರದು.

ಅಪಾಯ ಇರುವುದು ಗಾಳಿಯ ಓಟಕ್ಕೆ ತಡೆಯಾದಾಗ. ಜಾಲರಿ ಮುಚ್ಚಿದರೆ, ಫಿಲ್ಟರಿಗೆ ಧೂಳು ಕಟ್ಟಿದರೆ, ಬಿಸಿ ಒಳಗೇ ಉಳಿದು ಏರುತ್ತದೆ. ಸುಮಾರು 70ರಿಂದ 90 ಡಿಗ್ರಿಯೊಳಗೆ ಒಂದು ಕಾವಲು ಸ್ವಿಚ್ಚು ಬೆಂಕಿಯನ್ನು ಆರಿಸುತ್ತದೆ. ಆ ಮಗಳ ಮನೆಯಲ್ಲಿ ಆದದ್ದು ಇದೇ. ನೂಲುವ ಖಾತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಧೂಳು ಕಟ್ಟಿದ ಜಾಲರಿ ಮಾಡುವ ಅವಾಂತರ ಅವರು ಕಂಡದ್ದೇ. ಇದು ಮತ್ತೆ ಮತ್ತೆ ನಡೆದರೆ ಒಳಗಿನ ಲೋಹ ಬಿರುಕು ಬಿಡಬಹುದು, ಆಗ ಕಾರ್ಬನ್ ಮಾನಾಕ್ಸೈಡ್ ಮನೆಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮಲಗುವ ಕೋಣೆಯ ಹತ್ತಿರ ಅದರ ಎಚ್ಚರಿಕೆಯ ಗಂಟೆ ಇದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಬೇಕು. ಹೊಗೆ ಹೋಗುವ ಕೊಳವೆ ಬೇರೆ; ಹಳೆಯ ಯಂತ್ರಗಳಲ್ಲಿ ಅದು ಬಲು ಬಿಸಿ, ಅದರ ಬಳಿ ಬಟ್ಟೆ ಒಣಹಾಕಕೂಡದು.

ಪೆಟ್ಟಿಗೆ ತೆಗೆಸಿ, ಮನೆಯೊಡೆಯರಿಗೆ ಹೇಳಿ ಫಿಲ್ಟರ್ ನೋಡಿಸೆಂದು ನಾವು ಫೋನಿನಲ್ಲಿ ತಿಳಿಸಿದೆವು. ಹೊರಬಂದ ಫಿಲ್ಟರು ಬೂದು ಕಂಬಳಿಯಂತಿತ್ತಂತೆ. ಮಕ್ಕಳು ಆ ಕಡೆ ಹೊರಟಿರುವ ಸದಸ್ಯರು ಸಂಜೆ ಆರರ ನಂತರ ವಾಚನಾಲಯಕ್ಕೆ ಬಂದರೆ, ಯಂತ್ರದ ಫಲಕ ಓದುವ ಬಗೆಯನ್ನು ಚಿತ್ರ ಬರೆದು ತೋರಿಸುತ್ತೇವೆ.