ಫೈಲು ಕಕ್ಷಿದಾರರದು



ವಕೀಲಿ ವೃತ್ತಿಯ ನೀತಿ ಎಂದಕೂಡಲೇ ಸಾಕ್ಷಿಗೆ ಲಂಚ ಕೊಟ್ಟವರ, ನ್ಯಾಯಾಧೀಶರ ಮೇಲೆ ಕೂಗಾಡಿದವರ ಕಥೆ ಬರುತ್ತದೆ. ನಾವು ಅಂಥವರಲ್ಲ ಬಿಡಿ ಎಂದುಕೊಂಡು ಹಾಯಾಗಿ ಮನೆಗೆ ಹೋಗಬಹುದು. ನಾನು ಎತ್ತಿಕೊಂಡಿರುವ ವಿಷಯ ಅಷ್ಟು ಸಲೀಸಾಗಿ ಬಿಡುವಂಥದ್ದಲ್ಲ: ಫೀಸು ಬಾಕಿಯೆಂದು ಕಕ್ಷಿದಾರರ ಫೈಲು ಹಿಡಿದಿಟ್ಟುಕೊಳ್ಳುವುದು.

ಭೋಪಾಲದ ಸಹಕಾರಿ ಬ್ಯಾಂಕೊಂದು 1993ರಲ್ಲಿ ತನ್ನ ವಕೀಲರನ್ನು ಬಿಡಿಸಿ ಕಡತಗಳನ್ನು ವಾಪಸು ಕೇಳಿತು. ಅವರು 97,100 ರೂಪಾಯಿಯ ಬಿಲ್ಲು ಕಳಿಸಿ, ಹಣ ಬಾರದೆ ಕಾಗದ ಕೊಡೆನೆಂದರು. ದುಡಿದ ಫೀಸು ಕೇಳುವುದು ತಪ್ಪೇ? ಖಂಡಿತ ಅಲ್ಲ. ಅವರ ವಾದಕ್ಕೆ ಆಧಾರವೂ ಇದ್ದಂತಿತ್ತು. ವಶಕ್ಕೆ ಬಂದ ಸರಕನ್ನು ಬಾಕಿ ತೀರುವ ತನಕ ಇಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯ್ದೆಯ 171ನೇ ಕಲಮು ಬ್ಯಾಂಕರುಗಳಿಗೂ ಹೈಕೋರ್ಟಿನ ಅಟಾರ್ನಿಗಳಿಗೂ ಕೊಟ್ಟಿದೆ. ಸುಪ್ರೀಂ ಕೋರ್ಟು 2000ದ ಆಗಸ್ಟಿನಲ್ಲಿ ಈ ವಾದವನ್ನು ಒಪ್ಪಲಿಲ್ಲ. ಕೇಸಿನ ಕಡತ ಸರಕಲ್ಲ. ಓದುಬರಹ ಬಾರದವರು ಇಷ್ಟೊಂದು ಮಂದಿ ಇರುವ ದೇಶದಲ್ಲಿ ಇಂಥ ಹಕ್ಕು ದುರ್ಬಳಕೆಯಾಗುತ್ತದೆ. ಫೀಸಿಗೆ ಬೇರೆ ಕಾನೂನುಮಾರ್ಗ ಹಿಡಿಯಬಹುದು. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಬರೆದ ತೀರ್ಪಿನ ತಿರುಳು ಇದು.

ಭಾರತೀಯ ವಕೀಲರ ಪರಿಷತ್ತು ಆ ವಕೀಲರನ್ನು 18 ತಿಂಗಳು ವೃತ್ತಿಯಿಂದ ಹೊರಗಿಟ್ಟಿತ್ತು. ಈ ಬಗ್ಗೆ ಅದುವರೆಗೆ ಸ್ಪಷ್ಟ ತೀರ್ಪು ಇರಲಿಲ್ಲವೆಂದು ಸುಪ್ರೀಂ ಕೋರ್ಟು ಅದನ್ನು ವಾಗ್ದಂಡನೆಗೆ ಇಳಿಸಿತು. ಆ ವಿನಾಯಿತಿ ಇಂದು ಪದವಿ ಪಡೆಯುತ್ತಿರುವ ನಿಮಗಿಲ್ಲ.

ಶಿಸ್ತುಸಮಿತಿಗೆ ಬಂದ ದೂರು ವರ್ಷದೊಳಗೆ ಇತ್ಯರ್ಥವಾಗಬೇಕೆಂದು 1961ರ ವಕೀಲರ ಕಾಯ್ದೆ ಹೇಳುತ್ತದೆ. ಬ್ಯಾಂಕಿನ ಕಡೆಯ ದೂರು ರಾಜ್ಯ ವಕೀಲರ ಪರಿಷತ್ತಿನಲ್ಲಿ ಆ ಗಡುವು ಮೀರಿ ದೆಹಲಿಗೆ, ಭಾರತೀಯ ಪರಿಷತ್ತಿಗೆ, ಹೋಯಿತು. 1994ರ ಫೆಬ್ರವರಿಯಲ್ಲಿ ಕೊಟ್ಟ ದೂರಿಗೆ ಕೊನೆಯ ಮಾತು ಸಿಕ್ಕಿದ್ದು ಆರೂವರೆ ವರ್ಷದ ಮೇಲೆ. ಬ್ಯಾಂಕಾದ್ದರಿಂದ ಕಾದೀತು. ಜಮೀನಿನ ಮೂಲ ಕ್ರಯಪತ್ರವೇ ವಕೀಲರ ಬೀರುವಿನಲ್ಲಿ ಸಿಕ್ಕಿಕೊಂಡ ರೈತ ಏನು ಮಾಡಬೇಕು? ನಮ್ಮ ತಪ್ಪಿನ ವಿಚಾರಣೆಯನ್ನು ನಮ್ಮವರೇ ನಡೆಸುವ ಸವಲತ್ತು ನಮಗಿದೆ. ಹೀಗೆ ನಡೆಸಿದರೆ ಅದನ್ನು ಉಳಿಸಿಕೊಳ್ಳುವ ಯೋಗ್ಯತೆ ನಮಗಿಲ್ಲ.

ತೀರ್ಪು ಬಂದರೂ ಚಾಳಿ ಹೋಗಿಲ್ಲ, ವೇಷ ಬದಲಿಸಿದೆ. ಹೊಸಬರು ವಕಾಲತ್ತು ಹಾಕಲು ಹಳೆಯ ವಕೀಲರ ಒಪ್ಪಿಗೆ ಬೇಕೆಂಬ ನಿಯಮವನ್ನೇ, ಅಂದರೆ ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲಿರುವ ‘ಎನ್‌ಒಸಿ’ಯನ್ನೇ, ವಸೂಲಿಗೆ ಬಳಸುವವರಿದ್ದಾರೆ. ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ಕೋರ್ಟಿನ ಅನುಮತಿ ಪಡೆಯಬಹುದೆಂದೂ ಅದೇ ನಿಯಮದಲ್ಲಿದೆ. ಆ ಭಾಗವನ್ನು ಮಾತ್ರ ಕಕ್ಷಿದಾರರಿಗೆ ಯಾರೂ ಓದಿ ಹೇಳುವುದಿಲ್ಲ.

ಸನ್ನದು ಪಡೆಯಲಿರುವ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಫೀಸು ಎಷ್ಟೆಂದು ಮೊದಲ ದಿನವೇ ಸಂಕೋಚವಿಲ್ಲದೆ ಹೇಳಿ, ಬರೆದೂ ಕೊಡಿ. ಮೂಲ ದಾಖಲೆ ಪಡೆದರೆ ರಸೀದಿ ಕೊಡಿ. ಬೇರೆ ವಕೀಲರ ಬಳಿ ಹೋಗುತ್ತೇನೆಂದು ಕಕ್ಷಿದಾರರು ಹೇಳಿದರೆ ಫೈಲನ್ನು ಅಂದೇ ಸಂಜೆ ಒಪ್ಪಿಸಿ, ಬಿಲ್ಲನ್ನು ಬೇರೆ ಲಕೋಟೆಯಲ್ಲಿ ಕಳಿಸಿ.