ಮಹ್ರ್ ಬರೆಯುವ ಪುಸ್ತಕದಲ್ಲಿ ಬರೆಯದೆ ಉಳಿದದ್ದು

(ಜಯಪುರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್ (ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಶಾಂತಿ ಇರಲಿ. ನನಗೂ ನಿಮಗೂ ತಖ್ವಾದ ಉಪದೇಶ ಮಾಡುತ್ತೇನೆ.

ಸತ್ಯವಿಶ್ವಾಸಿಗಳೇ, ಅಡಿಕೆ ಮತ್ತು ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ನಮ್ಮ ಊರುಗಳಲ್ಲಿ ನಿಕಾಹ್‌ಗಳ ಕಾಲ ಬರುತ್ತದೆ. ವರದಕ್ಷಿಣೆಯ ಮಾತೆತ್ತಿದರೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: "ಅದು ನಮ್ಮದಲ್ಲ, ನಮ್ಮಲ್ಲಿ ಮಹ್ರ್ ಇದೆ." ಈ ಉತ್ತರ ಗ್ರಂಥದ ಮಟ್ಟಿಗೆ ಸತ್ಯ. ನಮ್ಮ ಮನೆಗಳ ಮಟ್ಟಿಗೆ ಸತ್ಯವೇ?

ಪಂಡಿತರೂ ಇಂಥದೇ ತಪ್ಪು ಮಾಡಿದ್ದುಂಟು. ವರದಕ್ಷಿಣೆಯೆಂದರೆ ಮಗಳಿಗೆ ಮುಂಚಿತವಾಗಿ ಕೊಡುವ ಆಸ್ತಿಪಾಲು ಎಂದು ಕೆಲವು ವಿದ್ವಾಂಸರು ವಿವರಿಸಿದರು. ನಮ್ಮ ನಾಡಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1983ರ ಉಪನ್ಯಾಸವೊಂದರಲ್ಲಿ ಇದನ್ನು ಒಪ್ಪಲಿಲ್ಲ. ಇಂದಿನ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಜೊತೆ ಬೆರೆಸಬಾರದು, ಇದು ಗಂಡಿಗೆ ಕಟ್ಟುವ ಬೆಲೆ ಎಂದು ಅವರು ವಾದಿಸಿದರು. ಹೊರದೇಶಗಳಲ್ಲಿ ಇನ್ನೊಂದು ಬಗೆಯ ಬರಹ ನಡೆಯಿತು. ಅಲ್ಲಿ ಗಂಡ ಹೆಂಡತಿಯನ್ನು ಕೊಂದರೆ ಅಪರಾಧ, ನಮ್ಮ ಕಡೆ ಕೊಂದರೆ "ಸಂಸ್ಕೃತಿ". ದಕ್ಷಿಣ ಏಷ್ಯಾದ ಮಹಿಳಾ ಕಾರ್ಯಕರ್ತೆಯರು ಇದನ್ನು ಪ್ರಶ್ನಿಸಿದರು. ಸಂಸ್ಕೃತಿಯ ಮೇಲೆ ಹೊರಿಸಿಬಿಟ್ಟರೆ, ಕೊಂದ ಕೈ ಕಾಣದಂತಾಗುತ್ತದೆ.

ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಸಾವುಗಳ ಬೆನ್ನುಹತ್ತಿದರು. ಕಡತಗಳಲ್ಲಿ "ಸ್ಟೌ ಸಿಡಿದು ಆಕಸ್ಮಿಕ ಸಾವು" ಎಂದು ಬರೆದಿರುತ್ತಿತ್ತು. ಅವರು ಕಡತವನ್ನು ನಂಬಿ ಸುಮ್ಮನಾಗಲಿಲ್ಲ. ಮನೆಯಲ್ಲಿ ಇಷ್ಟು ಜನರಿರುವಾಗ ಸ್ಟೌ ಯುವತಿ ಸೊಸೆಯನ್ನೇ ಏಕೆ ಹುಡುಕಿಕೊಂಡು ಸುಡುತ್ತದೆ ಎಂಬುದು ಅವರ ಪ್ರಶ್ನೆಯ ತಿರುಳಾಗಿತ್ತು. ಬರೆದಿಟ್ಟ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ.

ಸಹೋದರರೇ, ಈ ಪ್ರಶ್ನೆ ಪ್ರೊಫೆಸರರಿಗೂ ಪೊಲೀಸರಿಗೂ ಮಾತ್ರವಲ್ಲ, ಮಿಂಬರ್ ಮೇಲೆ ನಿಂತಿರುವ ನನಗೂ ಅನ್ವಯಿಸುತ್ತದೆ. ನಿಕಾಹ್ ಪುಸ್ತಕದಲ್ಲಿ ನಾವು ಮಹ್ರ್‌ನ ಮೊತ್ತ ಬರೆಯುತ್ತೇವೆ, ಸಾಕ್ಷಿಗಳ ಸಹಿ ಹಾಕಿಸುತ್ತೇವೆ. ಹೆಣ್ಣಿನ ಮನೆಯಿಂದ ಹೋದ ಪವನ್ ಚಿನ್ನ, ಕಾರು, ಜೋಡೆಯ ಹಣ ಯಾವ ಪುಟದಲ್ಲೂ ಇಲ್ಲ. ತೋಟ ಅಡವಿಟ್ಟ ತಂದೆ ಅದೇ ಸಭೆಯಲ್ಲಿ ಎಲ್ಲರಿಗೂ ಬಿರಿಯಾನಿ ಬಡಿಸುತ್ತಿರುತ್ತಾನೆ. ನಾವು ಉಂಡು, ದುಆ ಮಾಡಿ ಬರುತ್ತೇವೆ. ನಮ್ಮ ಪುಸ್ತಕವೂ ಆ ಆಸ್ಪತ್ರೆಯ ಕಡತದಂತೆ ಅರ್ಧ ಸತ್ಯದ್ದೇ.

ಸೂರಃ ಅನ್ನಿಸಾದ 4ನೇ ಸೂಕ್ತದಲ್ಲಿ ಅಲ್ಲಾಹನು ಮಹ್ರನ್ನು ಸ್ತ್ರೀಯರಿಗೆ ಸಂತೋಷದಿಂದ ಕೊಡಲು ಆಜ್ಞಾಪಿಸಿದ್ದಾನೆ. 19ನೇ ಸೂಕ್ತದಲ್ಲಿ, ಕೊಟ್ಟದ್ದರ ಭಾಗವನ್ನು ಕಸಿಯಲೆಂದು ಅವರನ್ನು ಪೀಡಿಸಬಾರದು ಎಂದಿದ್ದಾನೆ. ಯೋಚಿಸಿರಿ: ತಾನೇ ಕೊಟ್ಟದ್ದನ್ನು ಹಿಂಪಡೆಯಲು ಪೀಡಿಸುವುದೇ ನಿಷಿದ್ಧವಾದರೆ, ತಾನು ಕೊಡದೇ ಇದ್ದುದನ್ನು ಅವಳ ತಂದೆಯಿಂದ ತರಲು ಪೀಡಿಸುವುದು ಎಂಥ ಪಾಪ!

ಫಾತಿಮಾ (ರ)ರಿಗೆ ಪ್ರವಾದಿ (ಸ) ಜಹೇಝ್ ಕೊಟ್ಟಿದ್ದರಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲಿ (ರ) ತಮ್ಮ ಯುದ್ಧ ಕವಚವನ್ನೇ ಮಹ್ರ್‌ಗಾಗಿ ಕೊಟ್ಟರೆಂಬುದನ್ನು ಮಾತ್ರ ಮರೆಯುತ್ತಾರೆ. ಏನೂ ಇಲ್ಲದ ಸಹಾಬಿಗೆ ಪ್ರವಾದಿ (ಸ) ಕಬ್ಬಿಣದ ಉಂಗುರವನ್ನಾದರೂ ಹುಡುಕಲು ಹೇಳಿದರು. ಹೆಣ್ಣಿನ ತಂದೆಯಲ್ಲಿ ಕೇಳೆಂದು ಹೇಳಲಿಲ್ಲ.

ದೇಶದ ಕಾನೂನಿಗೂ ಈ ವ್ಯತ್ಯಾಸ ಗೊತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮಹ್ರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ನಾವು ಪಡೆಯುವ ಜೋಡೆಯ ಹಣಕ್ಕೆ ಆ ವಿನಾಯಿತಿ ಇಲ್ಲ. ಪಡೆಯುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಮದುವೆಯಾದ 7 ವರ್ಷಗಳೊಳಗೆ ಹೆಣ್ಣು ಸುಟ್ಟು ಅಥವಾ ಅಸಹಜವಾಗಿ ಸತ್ತು, ಸಾವಿಗೆ ಮುನ್ನ ವರದಕ್ಷಿಣೆಗಾಗಿ ಹಿಂಸೆಯಾಗಿದ್ದರೆ ಅದು ವರದಕ್ಷಿಣೆ ಸಾವು. ಈಗಿನ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಡಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ.

ಇಲ್ಲಿ ಒಂದು ಕಠಿಣ ಮಾತು ಹೇಳಬೇಕಾಗಿದೆ. ಜನಾಝವನ್ನು ತಡಮಾಡಬಾರದೆಂಬುದು ನಮ್ಮ ದೀನ್. ಆದರೆ ಮನೆತನದ ಮರ್ಯಾದೆ ಉಳಿಸಲು ಅದನ್ನು ನೆಪ ಮಾಡಿಕೊಂಡು, ಮರಣೋತ್ತರ ಪರೀಕ್ಷೆ ಬೇಡವೆಂದು ಒತ್ತಡ ಹಾಕಿ ಮಗಳೊಬ್ಬಳನ್ನು ಮಣ್ಣು ಮಾಡುವುದು ದೀನ್ ಅಲ್ಲ. ಸ್ವತಃ ನಮ್ಮ, ನಮ್ಮ ತಂದೆತಾಯಿ ಹಾಗೂ ಬಂಧುಗಳ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿ ನಿಲ್ಲಬೇಕೆಂದು ಅದೇ ಸೂರಃದ 135ನೇ ಸೂಕ್ತ ಆಜ್ಞಾಪಿಸುತ್ತದೆ. ಮಣ್ಣಿನಡಿ ಮುಚ್ಚಿದ್ದು ಅಲ್ಲಾಹನಿಂದ ಮುಚ್ಚಿಹೋಗದು.

ಹಾಗಾದರೆ ನಾವೇನು ಮಾಡಬೇಕು? ಯುವಕರೇ, ಮಹ್ರ್ ನಿಮ್ಮ ದುಡಿಮೆಯಿಂದ ಇರಲಿ, ಕೈಯಲ್ಲೇ ಕೊಡಿರಿ. ಏನೂ ಬೇಡವೆಂಬ ಮಾತನ್ನು ನಿಮ್ಮ ತಾಯಿಗೆ ನೀವೇ ಹೇಳಿರಿ. ತಂದೆಯರೇ, ಚಿನ್ನ ಕೊಟ್ಟು ವಾರೀಸು ಹಕ್ಕು ಮುಗಿಯಿತೆನ್ನಬೇಡಿರಿ. ಮಗಳ ಪಾಲನ್ನು ಅಲ್ಲಾಹನೇ ನಿಗದಿ ಮಾಡಿದ್ದಾನೆ. ಅಳುತ್ತಾ ತವರಿಗೆ ಬಂದವಳನ್ನು "ಸಹಿಸಿಕೋ" ಎಂದು ಅದೇ ಬಸ್ಸಿಗೆ ಹತ್ತಿಸಬೇಡಿರಿ. ಮೊದಲು ಕೂರಿಸಿ ಕೇಳಿರಿ. ತಾಯಂದಿರೇ, ಮಹಿಳಾ ಸಹಾಯವಾಣಿ 181 ಎಂಬುದು ನಿಮ್ಮ ಹೆಣ್ಣುಮಕ್ಕಳಿಗೆ ಬಾಯಿಪಾಠವಾಗಿರಲಿ. ಜಮಾಅತಿನ ಹಿರಿಯರೇ, ನಿಕಾಹ್ ಪುಸ್ತಕ ತೆರೆಯುವ ಮುನ್ನ ಎರಡೂ ಮನೆಯವರನ್ನು ಕೇಳೋಣ: ಏನು ಕೇಳಿದ್ದೀರಿ, ಏನು ಕೊಟ್ಟಿದ್ದೀರಿ? ಪಡೆದಿದ್ದರೆ, ಅದನ್ನು ಹಿಂದಿರುಗಿಸಿದ ನಂತರವೇ ನಿಕಾಹ್ ನಡೆಯಲಿ. ಮೊದಲು ಕೇಳಬೇಕಾದವನು ನಾನೇ. ಇಷ್ಟು ವರ್ಷ ಕೇಳದೆ ಓದಿಸಿದ ನಿಕಾಹ್‌ಗಳಿಗಾಗಿ ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ.

ಅಲ್ಲಾಹನೇ, ನಮ್ಮ ಹೆಣ್ಣುಮಕ್ಕಳ ಮನೆಗಳನ್ನು ಶಾಂತಿಯ ಮನೆಗಳಾಗಿಸು. ಅನ್ಯಾಯವಾಗಿ ಪ್ರಾಣ ಕಳೆದುಕೊಂಡವರ ಮೇಲೆ ಕರುಣೆ ತೋರು. ಸತ್ಯ ನುಡಿಯುವ ಧೈರ್ಯವನ್ನು ನಮಗೆ ಕರುಣಿಸು. ಆಮೀನ್.